ಮದ್ದಳೆಗಾರರ ಹಗಲು ನಿದ್ದೆ

ದೀಪಾವಳಿ ಕಳೆದು ಮೇಳಗಳು ಹೊರಟವೆಂದರೆ ನಮ್ಮ ಮನೆಯಲ್ಲಿ ಒಂದು ಕಟ್ಟುಪಾಡು ಶುರುವಾಗುತ್ತದೆ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದರವರೆಗೆ ಆಚೆಮನೆ ಕಡೆಯ ಅಂಗಳದಲ್ಲಿ ತೆಂಗಿನಕಾಯಿ ಸುಲಿಯುವಂತಿಲ್ಲ, ಕಟ್ಟಿಗೆ ಒಡೆಯುವಂತಿಲ್ಲ, ಮಕ್ಕಳು ಬ್ಯಾಟು ಹಿಡಿಯುವಂತಿಲ್ಲ. ಯಾರೂ ಬಂದು ಹೇಳಿದ ಕಟ್ಟುಪಾಡಲ್ಲ ಇದು. ಆಚೆಮನೆ ಅಕ್ಕ ಹಾಗೆಲ್ಲ ಬಾಯಿಬಿಟ್ಟು ಕೇಳುವವರೇ ಅಲ್ಲ. ಆದರೆ ದಾಸವಾಳದ ಬೇಲಿಯಾಚೆ ಬೈಕು ಬಂದು ನಿಂತಿದೆ ಎಂದರೆ ಭಾವ ಮಲಗಿದ್ದಾರೆ ಎಂದೇ ಅರ್ಥ. ಭಾವ ತೆಂಕುತಿಟ್ಟಿನ ಒಂದು ಯಕ್ಷಗಾನ ಮೇಳದಲ್ಲಿ ಹಿಮ್ಮೇಳದವರು. ಒಮ್ಮೆ ಮದ್ದಳೆಗೆ ಕೂರುತ್ತಾರೆ, ಒಮ್ಮೆ ಚೆಂಡೆಗೆ ನಿಲ್ಲುತ್ತಾರೆ.

ಬೇಲಿಯ ಹತ್ತಿರ ನಾವಿಬ್ಬರೂ ಹೂ ಕೊಯ್ಯುವಾಗ ಅಕ್ಕ ದನಿ ತಗ್ಗಿಸಿ ಹೇಳುತ್ತಾರೆ: "ಇವತ್ತು ಬರುವಾಗ ಎಂಟೂವರೆ ಆಗಿದೆ ಮಾರಾಯ್ತಿ. ಸುಳ್ಯದಿಂದ ಆಚೆ ಆಟ ಇತ್ತು. ಒಂದು ಲೋಟ ಗಂಜಿ ಕುಡಿದು ಈಗ ಬಿದ್ದುಕೊಂಡದ್ದಷ್ಟೆ. ಮೂರು ಗಂಟೆಗೆ ಪುನಃ ಹೊರಡ್ಬೇಕು, ಕಾರ್ಕಳ ಹತ್ರ ಉಂಟಂತೆ."

ನಾನು ಲೆಕ್ಕ ಹಾಕುತ್ತೇನೆ. ಎಂಟೂವರೆಗೆ ಬಂದವರು, ಮೂರಕ್ಕೆ ಹೊರಡುವವರು. ನಡುವೆ ಸ್ನಾನ, ಊಟ, ಮದ್ದಳೆಯ ಕೆಲಸ, ಫೋನು. ನಿದ್ದೆಗೆ ಉಳಿಯುವುದು ಎಷ್ಟು?

ಪೇಟೆಯ ಅಂಗಡಿ ಜಗಲಿಯಲ್ಲಿ ಕೂತವರು ಒಂದು ಮಾತು ಹೇಳುವುದುಂಟು: ಮೇಳದವರಿಗೆ ಎಂತ ಕಷ್ಟ, ರಾತ್ರಿ ಒಂದು ಆಟ, ಹಗಲಿಡೀ ನಿದ್ದೆ. ಈ ಮಾತು ಕೇಳಿದರೆ ನನಗೆ ಸುಮ್ಮನಿರಲಿಕ್ಕೆ ಆಗುವುದಿಲ್ಲ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ನರ್ಸಮ್ಮನಿಗೆ ಕೆಲವು ದಿನ ಕಳೆದ ಮೇಲೆ ಹಗಲು ಪಾಳಿ ಬರುತ್ತದೆ, ನಡುವೆ ವಾರದ ರಜೆ ಬರುತ್ತದೆ. ಮೇಳದವರಿಗೆ ನವೆಂಬರಿನಿಂದ ಪತ್ತನಾಜೆಯ ತನಕ ಪಾಳಿ ಒಂದೇ. ಪತ್ತನಾಜೆ ಎಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನ, ಮೇ 24ರ ಆಸುಪಾಸು. ಅಂದು ಗೆಜ್ಜೆ ಬಿಚ್ಚುವುದು. ಅಲ್ಲಿಯವರೆಗೆ ಸುಮಾರು ಆರು ತಿಂಗಳು ದಿನಾ ರಾತ್ರಿ ಆಟ, ದಿನಾ ಬೇರೆ ಊರು. ಇದಕ್ಕೆ ಮೇಳದವರು ಇಟ್ಟುಕೊಂಡ ಹೆಸರು ತಿರುಗಾಟ. ಎಷ್ಟು ವರ್ಷದ ಅನುಭವ ಎಂದು ಕಲಾವಿದರನ್ನು ಕೇಳಿದರೆ ವರ್ಷದ ಲೆಕ್ಕ ಹೇಳುವುದಿಲ್ಲ, ಇದು ಇಷ್ಟನೆಯ ತಿರುಗಾಟ ಎನ್ನುತ್ತಾರೆ.

ನಮಗೆಲ್ಲ ದಿನ ಶುರುವಾಗುವುದು ಏಳುವಾಗ. ಭಾವನವರ ದಿನ ಶುರುವಾಗುವುದು ಮಂಗಳ ಹಾಡಿದ ಮೇಲೆ ಎಂದು ನನಗೆ ಅನಿಸುತ್ತದೆ. ಪೂರ್ವದಲ್ಲಿ ಬೆಳಕು ಹರಿದಿರುತ್ತದೆ. ರಂಗಸ್ಥಳದ ದೀಪ ಇದ್ದೂ ಇಲ್ಲದ ಹಾಗೆ. ಮುಂದಿನ ಸಾಲಿನಲ್ಲಿ ಚಾಪೆ ಹಾಸಿ ಮಲಗಿದ್ದ ಮಕ್ಕಳನ್ನು ತಾಯಂದಿರು ಎಬ್ಬಿಸುತ್ತಿರುತ್ತಾರೆ. ವೇಷದವರು ಬಣ್ಣ ಹಚ್ಚುವ ಜಾಗವಾದ ಚೌಕಿಗೆ ಓಡಿ ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆಯಲು ಕೂರುತ್ತಾರೆ. ಹಿಮ್ಮೇಳದವರಿಗೆ ತೆಗೆಯುವುದಕ್ಕೆ ಬಣ್ಣವಿಲ್ಲ. ಅವರು ಮೊದಲು ಮಾಡುವುದು ವಾದ್ಯದ ಆರೈಕೆ. ಮದ್ದಳೆಯ ಮುಚ್ಚಿಗೆಯನ್ನು ಒಣಬಟ್ಟೆಯಲ್ಲಿ ಒರಸಿ, ಮಂಜಿನ ಪಸೆ ಹೋಯಿತೇ ಎಂದು ಬೆರಳಲ್ಲಿ ಮುಟ್ಟಿ ನೋಡಿ, ಚೀಲಕ್ಕೆ ಹಾಕಬೇಕು. ಆಮೇಲೆ ಒಂದು ಚಾ. ಮೇಳದ ಪೆಟ್ಟಿಗೆಗಳು ಲಾರಿ ಏರುತ್ತವೆ. ಮನೆ ಹತ್ತಿರವಿದ್ದವರು ಬೈಕು ಹತ್ತುತ್ತಾರೆ, ದೂರದವರು ಮುಂದಿನ ಬಿಡಾರಕ್ಕೆ ಹೋಗುತ್ತಾರೆ.

ಆ ಬೆಳಗಿನ ದಾರಿ ಇದೆಯಲ್ಲ, ಅಕ್ಕನಿಗೆ ಅದರದ್ದೇ ಭಯ. ರಾತ್ರಿಯಿಡೀ ಎಚ್ಚರವಿದ್ದ ಮನುಷ್ಯ, ತಣ್ಣಗಿನ ಗಾಳಿ, ಖಾಲಿ ರಸ್ತೆ, ಕಣ್ಣಿಗೆ ನೇರವಾಗಿ ಹೊಡೆಯುವ ಎಳೆಬಿಸಿಲು. ಹಿಂದಿನವರಿಗೆ ಈ ಭಯ ಇರಲಿಲ್ಲ, ಅವರು ನಡೆದೇ ಹೋಗುತ್ತಿದ್ದರು. ಪೆಟ್ಟಿಗೆ ಹೊರುವವರು ತಲೆಯ ಮೇಲೆ ಹೊತ್ತುಕೊಂಡು ಮುಂದೆ, ಕಲಾವಿದರು ಗದ್ದೆಯ ಹುಣಿಯಲ್ಲಿ ಹಿಂದೆ. ಆಟದ ಊರು ನಡೆದು ಮುಟ್ಟುವಷ್ಟು ದೂರದಲ್ಲಿ ಇರಬೇಕಿತ್ತು. ಹಾಗಾಗಿ ಆಟವಾಡಿದ ಊರಲ್ಲೋ ಮುಂದಿನ ಊರಲ್ಲೋ ಯಾರದ್ದಾದರೂ ಜಗಲಿಯಲ್ಲಿ ಅಡ್ಡಾಗಬಹುದಿತ್ತು. ರಸ್ತೆ ಬಂತು, ಮೋಟಾರು ಬಂತು, ಒಂದು ರಾತ್ರಿ ಕಾಸರಗೋಡು ಕಡೆ ಆಡಿದವರು ಮರುರಾತ್ರಿ ಮೂಡಬಿದಿರೆಯಲ್ಲಿ ಆಡುವುದು ಸಾಧ್ಯವಾಯಿತು. ದಾರಿ ಸುಲಭವಾಯಿತು, ಆದರೆ ಆ ದಾರಿಯ ಹೊತ್ತೆಲ್ಲ ನಿದ್ದೆಯ ಪಾಲಿನಿಂದಲೇ ಹೋಯಿತು ಎಂದು ನಾನು ಹೇಳುತ್ತೇನೆ.

1990ರಲ್ಲಿ ಗುಂಡ್ಮಿ ಕಾಳಿಂಗ ನಾವಡರು ರಸ್ತೆ ಅಪಘಾತದಲ್ಲಿ ತೀರಿಕೊಂಡದ್ದು ಕರಾವಳಿ ಇನ್ನೂ ಮರೆಯದ ಸಂಗತಿ. ಬಡಗುತಿಟ್ಟಿನ ಭಾಗವತರು, ನಾರ್ಣಪ್ಪ ಉಪ್ಪೂರರ ಶಿಷ್ಯ, 'ನಾಗಶ್ರೀ' ಪ್ರಸಂಗ ಬರೆದವರು. ಮೂವತ್ತು ದಾಟಿತ್ತಷ್ಟೆ. ಅವರ ಕ್ಯಾಸೆಟ್ಟು ಇಲ್ಲದ ಮನೆ ಆ ಕಾಲದಲ್ಲಿ ಕುಂದಾಪುರದ ಕಡೆ ಸಿಗುವುದೇ ಕಷ್ಟವಿತ್ತು. ತೆಂಕಿನವರಾದ ನಮಗೂ ಅವರ ಸ್ವರ ಪರಿಚಯವಿತ್ತು. ಆ ಸುದ್ದಿ ಬಂದ ದಿನ ಇಲ್ಲಿಯ ಮೇಳಗಳವರ ಮನೆಯ ಹೆಂಗಸರೆಲ್ಲ ತಮ್ಮತಮ್ಮವರು ಅಂಗಳಕ್ಕೆ ಕಾಲಿಡುವ ತನಕ ಬಾಗಿಲಲ್ಲೇ ನಿಂತಿದ್ದರು ಎಂದು ಅಕ್ಕನ ಅತ್ತೆ ಹೇಳುತ್ತಿದ್ದರು. ಭಾವನವರ ಬೈಕಿನ ಶಬ್ದ ಕೇಳುವ ತನಕ ಅಕ್ಕ ಈಗಲೂ ತಿಂಡಿ ತಿನ್ನುವುದಿಲ್ಲ. ತಿನ್ನಿ ಅಕ್ಕ ಎಂದರೆ "ಇರಲಿ, ಬರ್ತಾರಲ್ಲ" ಎನ್ನುತ್ತಾರೆ.

ಮನೆಗೆ ಬಂದು ಮಲಗುವುದು ಪುಣ್ಯವಂತರ ಕತೆ. ಮನೆ ದೂರವಿದ್ದವರು ಬಿಡಾರದಲ್ಲಿ ಮಲಗಬೇಕು. ಬಿಡಾರವೆಂದರೆ ದೇವಸ್ಥಾನದ ಹೊರಸುತ್ತು, ಭಜನಾಮಂದಿರ, ಶಾಲೆಯ ಕೋಣೆ, ಆಟ ಆಡಿಸುವವರ ಮನೆಯ ಚಾವಡಿ, ಒಮ್ಮೊಮ್ಮೆ ಅಡಿಕೆ ಹಾಕುವ ಕೊಟ್ಟಿಗೆ. ಏಪ್ರಿಲ್ ತಿಂಗಳ ಹಗಲು ಹನ್ನೊಂದು ಗಂಟೆಗೆ ಶೀಟಿನ ಮಾಡಿನ ಕೆಳಗೆ ಮಲಗಿ ನೋಡಿದವರಿಗೆ ಗೊತ್ತು. ಸೆಕೆ ಒಂದು ಕಡೆ, ನೊಣ ಒಂದು ಕಡೆ. ಇದರ ಮೇಲೆ ಶಾಮಿಯಾನದ ಗೂಟ ಹೊಡೆಯುವ ಶಬ್ದ, ಸಂಜೆಯ ಊಟಕ್ಕೆ ತೆಂಗಿನಕಾಯಿ ಅರೆಯುವ ಗ್ರೈಂಡರಿನ ಶಬ್ದ, ಎಲ್ಲಕ್ಕಿಂತ ಹೆಚ್ಚು ಆ ಮೈಕು. ಆಟ ರಾತ್ರಿಗೆ, ಆದರೆ ಮೈಕಿನವರು ಬೆಳಿಗ್ಗೆ ಹತ್ತಕ್ಕೇ ಬಂದು ಹಲೋ ಹಲೋ ಶುರುಮಾಡುತ್ತಾರೆ, ಮತ್ತೆ ಸಂಜೆಯ ತನಕ ಭಕ್ತಿಗೀತೆ ಹಾಕಿಬಿಡುತ್ತಾರೆ. ಊರಿಗೆ ಅದು ಹಬ್ಬದ ಸದ್ದು. ಒಳಗೆ ಮಲಗಿದವನಿಗೆ ರಾತ್ರಿಯ ಕೆಲಸಕ್ಕೆ ಬೇಕಾದ ಶಕ್ತಿಯನ್ನು ಹಗಲೇ ಕಿತ್ತುಕೊಂಡ ಹಾಗೆ.

ಇನ್ನು ಅಭಿಮಾನಿಗಳು. ಇವರ ಪ್ರೀತಿಯ ಮೇಲೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಕಲಾವಿದರು ಊರಿಗೆ ಬಂದಿದ್ದಾರೆ ಎಂದು ತಿಳಿದ ಕೂಡಲೇ, ಸುಮ್ಮನೆ ಒಂದು ಐದು ನಿಮಿಷ ಮಾತಾಡಿಕೊಂಡು ಹೋಗುವ ಎಂದು ಬರುತ್ತಾರೆ. ಮೊನ್ನೆ ಆ ಪದ್ಯಕ್ಕೆ ನೀವು ಬಿಟ್ಟ ಮುಕ್ತಾಯ ಬಹಳ ಒಳ್ಳೆದಿತ್ತು ಎನ್ನುತ್ತಾರೆ. ಎದ್ದು ಕೂತು ಕೈಮುಗಿಯದೆ ಇರಲಿಕ್ಕೆ ಆಗುತ್ತದೆಯೇ? ಕಲಾವಿದನಿಗೆ ಆ ಮಾತು ಬೇಕು, ಅದಕ್ಕಾಗಿಯೇ ಅಲ್ಲವೇ ಅವನು ಬಾರಿಸುವುದು. ಐದು ನಿಮಿಷ ಮುಕ್ಕಾಲು ಗಂಟೆಯಾಗುತ್ತದೆ. ಅವರು ಹೋದ ಮೇಲೆ ಇನ್ನೊಬ್ಬರು ಬರುತ್ತಾರೆ. ಹೊಗಳುವುದಿದ್ದರೆ ಸಂಜೆ ಚೌಕಿಯಲ್ಲಿ ಹೊಗಳಿ ಎಂದು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ದೇವರ ಪೆಟ್ಟಿಗೆಯ ಎದುರು ನಿಂತು ಹೊಗಳಿದರೆ ಆ ಮಾತಿಗೂ ಒಂದು ತೂಕ ಬರುತ್ತದೆ.

ನಿದ್ದೆಯನ್ನು ಕಲಾವಿದರೇ ಮಾರಿಕೊಳ್ಳುವುದೂ ಉಂಟು, ಅದನ್ನೂ ಹೇಳಬೇಕು. ಮಧ್ಯಾಹ್ನ ಎಲ್ಲೋ ಒಂದು ತಾಳಮದ್ದಳೆ, ಗೃಹಪ್ರವೇಶಕ್ಕೋ ಷಷ್ಟ್ಯಬ್ದಿಗೋ. ವೇಷವಿಲ್ಲ, ಕೂತು ಅರ್ಥ (ಪಾತ್ರದ ಮಾತು) ಹೇಳುವುದು, ಆದರೆ ಮದ್ದಳೆಯವರಿಗೆ ಕೆಲಸ ಕಮ್ಮಿಯೇನಲ್ಲ. ವಾರಕ್ಕೊಂದು ದಿನ ಶಾಲೆಯಲ್ಲಿ ಮಕ್ಕಳಿಗೆ ಚೆಂಡೆ-ಮದ್ದಳೆಯ ಕ್ಲಾಸು. ಮೇಳದ ಸಂಬಳದಲ್ಲಿ ಇಬ್ಬರು ಮಕ್ಕಳ ಕಾಲೇಜು ಫೀಸು ಕಟ್ಟಿ, ಮನೆಯ ಮಾಡಿಗೆ ಹೊಸ ಹಂಚು ಹಾಕಿಸಿ, ಮಳೆಗಾಲಕ್ಕೂ ಉಳಿಸಬೇಕಾದರೆ ಹಗಲನ್ನು ಮಾರದೆ ದಾರಿಯಿಲ್ಲ. ಭಾವನವರು ತಾಳಮದ್ದಳೆಗೆ ಒಪ್ಪಿಕೊಂಡ ದಿನ ಅಕ್ಕ ನನ್ನ ಹತ್ತಿರ ಹೆಚ್ಚು ಮಾತಾಡುವುದಿಲ್ಲ, ಹೂ ಕೊಯ್ದು ಒಳಗೆ ಹೋಗಿಬಿಡುತ್ತಾರೆ.

ಎರಡು ಗಂಟೆಯ ಹೊತ್ತಿಗೆ ಆಚೆ ಕಡೆಯಿಂದ ಒಂದು ನಾದ ಕೇಳುತ್ತದೆ. ಭಾವ ಎದ್ದರು. ಒಂದೇ ಬೆರಳಲ್ಲಿ ಮದ್ದಳೆಯ ಬಲಗಡೆಯನ್ನು ಮುಟ್ಟಿ ನೋಡುವುದು. ಹಲಸಿನ ಮರ ಕೊರೆದು ಮಾಡಿದ ಕಳಸಿಗೆಗೆ ಚರ್ಮದ ಮುಚ್ಚಿಗೆ, ಅದರ ನಡುವೆ ಕಪ್ಪಗೆ ಕರ್ಣ. ಕಬ್ಬಿಣದ ಕಿಟ್ಟದ ನುಣ್ಣನೆ ಪುಡಿಯನ್ನು ಬೆಂದ ಅನ್ನದ ಜೊತೆ ಅರೆದು, ಪದರ ಪದರವಾಗಿ ಹಚ್ಚಿ, ಪ್ರತಿ ಪದರವನ್ನೂ ನಯವಾದ ಕಲ್ಲಲ್ಲಿ ತಿಕ್ಕಿ ಒಣಗಿಸಬೇಕು. ಇಂಪಾದ ನಾದ ಬರುವುದು ಅದರಿಂದಲೇ. ಈ ಕರ್ಣಕ್ಕೂ ಚರ್ಮಕ್ಕೂ ಹಗಲು-ರಾತ್ರಿಯ ವ್ಯತ್ಯಾಸ ನಮಗಿಂತ ಹೆಚ್ಚು ತಿಳಿಯುತ್ತದೆ. ಜನವರಿಯ ಮಂಜಿಗೆ ಮುಚ್ಚಿಗೆ ಸಡಿಲಾಗಿ ಶ್ರುತಿ ಇಳಿಯುತ್ತದೆ. ಮಾರ್ಚಿನ ಬಿಸಿಲಲ್ಲಿ ಬೈಕಿನ ಹಿಂದೆ ಕಟ್ಟಿ ತಂದರೆ ಬಿಗಿದು ಏರುತ್ತದೆ. ಬಾರಿಗೆ ಏಟು ಕೊಟ್ಟು ಎಳೆದು, ಸಡಿಲಿಸಿ, ಸರಿ ಮಾಡಿಕೊಳ್ಳುತ್ತಾ ಕೂರಬೇಕು.

ಒಂದು ಮದ್ದಳೆ ಇದ್ದರೆ ಸಾಲದು. ರಾತ್ರಿಯ ಆಟದಲ್ಲಿ ಒಬ್ಬರಾದ ಮೇಲೆ ಒಬ್ಬರು ಭಾಗವತರು ಬರುತ್ತಾರೆ, ಒಬ್ಬೊಬ್ಬರ ಶ್ರುತಿ ಒಂದೊಂದು. ಒಬ್ಬರದ್ದು ಬಿಳಿ ಐದಾದರೆ ಇನ್ನೊಬ್ಬರದ್ದು ಕಪ್ಪು ಒಂದು. ಭಾಗವತರು ಬದಲಾದ ಕೂಡಲೇ ಮದ್ದಳೆಯೂ ಬದಲಾಗಬೇಕು. ಒಮ್ಮೆ ಭಾವ ತೊಡೆಯ ಮೇಲೆ ಮದ್ದಳೆ ಇಟ್ಟುಕೊಂಡು ಶ್ರುತಿಪೆಟ್ಟಿಗೆ ಹಾಕಿ ಕೂತಿದ್ದಾಗ ನಾನು ತಡಮೆ ದಾಟಿ ಮಜ್ಜಿಗೆಮೆಣಸು ಕೊಡಲು ಹೋಗಿದ್ದೆ. "ಕೂತ್ಕೊಳ್ಳಿ ತಂಗಿ, ಇದೊಂದು ಸರಿಯಾಗ್ಲಿ" ಎಂದರು. ನಾನು ಕೂತೆ. ನನ್ನ ಕಿವಿಗೆ ಮೊದಲೂ ಆಮೇಲೂ ಒಂದೇ ರೀತಿ ಕೇಳಿತು, ಅವರಿಗೆ ಹಾಗೆ ಕೇಳಲಿಲ್ಲ. ಅವರು ಸರಿಯಾಯಿತು ಎನ್ನುವಾಗ ಮನೆಯೊಳಗಿನ ಕಂಚಿನ ಚೊಂಬೊಂದು ತಾನೇ ತಾನಾಗಿ ಝೇಂಕರಿಸಿತು.

ಸಂಜೆ ಆಟದ ಗದ್ದೆ ಮುಟ್ಟಿದ ಮೇಲೆ ನಡೆಯುವುದನ್ನು ಎಲ್ಲರೂ ನೋಡಿದ್ದೀರಿ, ಬೇಗ ಹೇಳಿಬಿಡುತ್ತೇನೆ. ಚೌಕಿಯಲ್ಲಿ ದೇವರ ಪೂಜೆ, ಭಾಗವತರು ಗಣಪತಿಯ ಸ್ತುತಿ ಹಾಡುವುದು, ಪ್ರಸಾದ. 'ಕೇಳಿ' ಎಂಬ ಚೆಂಡೆಯ ಕರೆ ಬಾರಿಸಿದರೆ ಸುತ್ತಲ ಊರಿಗೆಲ್ಲ ಇವತ್ತು ಇಲ್ಲಿ ಆಟ ಎಂದು ಗೊತ್ತಾಗುತ್ತದೆ. ಆಮೇಲೆ ಪೂರ್ವರಂಗ: ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ. ಇದಕ್ಕೆ ಹಾಡುವವರು ಕಲಿಯುತ್ತಿರುವ ಎಳೆಯ ಭಾಗವತರು, ಮೇಳದ ಮಾತಿನಲ್ಲಿ ಸಂಗೀತಗಾರ. ಪ್ರಸಂಗ ಶುರುವಾದ ಮೇಲೆ ಮತ್ತೊಬ್ಬರು. ಪ್ರಧಾನ ಭಾಗವತರು ಜಾಗಟೆ ಕೈಗೆ ತೆಗೆದುಕೊಳ್ಳುವುದು ರಾತ್ರಿ ಬಹಳ ಹೊತ್ತಾದ ಮೇಲೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಯಕ್ಷಗಾನದ ಮೇಳದಲ್ಲಿ ನಾಟಕದವರ ಹಾಗೆ ರಿಹರ್ಸಲ್ ಇಲ್ಲ. ಇವತ್ತಿನ ಪ್ರಸಂಗ ಇಂಥದ್ದು, ಇಂಥವರದ್ದು ಇಂಥ ವೇಷ ಎಂದು ಚೌಕಿಯಲ್ಲಿ ತಿಳಿದರೆ ಆಯಿತು. ಪದ್ಯ ಭಾಗವತರ ಬಾಯಲ್ಲಿ, ಅರ್ಥ ವೇಷಧಾರಿಯ ಮನಸ್ಸಿನಲ್ಲಿ, ಕುಣಿತ ಅವನ ಕಾಲಲ್ಲಿ. ಈ ಮೂರನ್ನೂ ಅಲ್ಲಲ್ಲೇ, ಆಗಾಗಲೇ ಹೊಲಿಯುವವರು ಮದ್ದಳೆ-ಚೆಂಡೆಯವರು. ಭಾಗವತರು ಏಕತಾಳದಲ್ಲಿ ಎತ್ತುಗಡೆ ಮಾಡುತ್ತಾರೋ ಝಂಪೆಯಲ್ಲೋ ಎಂಬುದು ಅವರ ಮೊದಲ ಅಕ್ಷರದಲ್ಲಿ ಹೊಳೆಯಬೇಕು. ವೇಷದವನು ಇನ್ನೊಂದು ಸುತ್ತು ಕುಣಿಯುತ್ತಾನೋ ಇಲ್ಲೇ ಬಿಡುತ್ತಾನೋ ಎಂಬುದನ್ನು ಅವನ ಬೆನ್ನು ನೋಡಿ ತಿಳಿಯಬೇಕು. ಹಿಮ್ಮೇಳದವರು ನೋಡುವುದು ವೇಷದ ಬೆನ್ನನ್ನು ಅಲ್ಲವೇ? ನಾವು ಮುಖ ನೋಡಿ ಚಪ್ಪಾಳೆ ತಟ್ಟುತ್ತೇವೆ, ಅವರು ಬೆನ್ನು ನೋಡಿ ಆಟ ನಡೆಸುತ್ತಾರೆ. ಬಣ್ಣದ ವೇಷದ ಹೆಗಲು ಒಂದಂಗುಲ ಏರಿದರೆ ಸಾಕು, ಭಾವನವರ ಕೋಲು ಚೆಂಡೆಯ ಮೇಲೆ ಬಿದ್ದಾಗಿರುತ್ತದೆ.

ಇಷ್ಟು ಎಚ್ಚರ ಬೇಕಾದ ಕೆಲಸದ ಅತ್ಯಂತ ಕಷ್ಟದ ಭಾಗ ಬರುವುದು ರಾತ್ರಿ ಮೂರರಿಂದ ಐದರ ನಡುವೆ. ಮನುಷ್ಯನ ಶರೀರ ಎಲ್ಲಕ್ಕಿಂತ ತಣ್ಣಗಾಗಿ ನಿದ್ದೆಯನ್ನು ಬೇಡುವ ಹೊತ್ತು ಅದು. ಪ್ರಧಾನ ಭಾಗವತರ ಒಳ್ಳೊಳ್ಳೆಯ ಪದ್ಯಗಳೂ, ಏರುಪದಗಳೂ ಅದೇ ಹೊತ್ತಿಗೆ. ಕಟೀಲು ಮೇಳದ ಬಲಿಪ ನಾರಾಯಣ ಭಾಗವತರು (1938–2023) ಬೆಳಗಿನ ಜಾವ ಏರು ಶ್ರುತಿಯಲ್ಲಿ ಹಾಡುವುದನ್ನು ಕೇಳಲಿಕ್ಕೆಂದೇ ಜನ ಒಂದು ನಿದ್ದೆ ಮುಗಿಸಿ ಗದ್ದೆಗೆ ಬರುತ್ತಿದ್ದರು. ಐದು ರಾತ್ರಿ ಆಡುವಷ್ಟು ದೊಡ್ಡ ದೇವಿಮಹಾತ್ಮೆ ಪ್ರಸಂಗವನ್ನು ಬರೆದವರು ಅವರು. ಅಂಥ ಭಾಗವತಿಕೆಗೆ ಹೊಂದಿಕೊಂಡು ಬಾರಿಸುವವನ ಕೈ ಆ ಹೊತ್ತಿನಲ್ಲಿ ಒಂದು ಅಕ್ಷರಕಾಲ ತಡವಾದರೂ ಎಲ್ಲರಿಗೂ ಗೊತ್ತಾಗುತ್ತದೆ.

ಬಾರಿಸುವಾಗ ನಿದ್ದೆ ಬರುವುದಿಲ್ಲವೇ ಎಂದು ನಾನು ಭಾವನವರನ್ನು ಕೇಳಿದ್ದೆ. ಬಾರಿಸುವಾಗ ಬರುವುದಿಲ್ಲವಂತೆ, ಅರ್ಥ ನಡೆಯುವಾಗ ಬರುತ್ತದಂತೆ. ನನಗೆ ಇದು ಹೊಳೆದೇ ಇರಲಿಲ್ಲ. ಕೃಷ್ಣನೂ ಕೌರವನೂ ಸಂಧಾನದ ಮಾತಿಗೆ ನಿಂತರೆ ಅರ್ಧ ಗಂಟೆ ಹೋಗುತ್ತದೆ. ಅಷ್ಟೂ ಹೊತ್ತು ಹಿಮ್ಮೇಳದವರು ಕೈ ಕಟ್ಟಿ ಕೂತಿರಬೇಕು. ಭಾಗವತರಿಗಾದರೆ ನಡುನಡುವೆ ವೇಷದವರ ಮಾತಿಗೆ ಹೂಂಗುಟ್ಟುವ, ಪ್ರಶ್ನೆ ಕೇಳುವ ಕೆಲಸವಿದೆ. ಮದ್ದಳೆಯವರಿಗೆ ಅದೂ ಇಲ್ಲ. "ಆಗ ಎಂತ ಮಾಡ್ತೀರಿ ಭಾವ?" ಎಂದೆ. "ಅರ್ಥ ಕೇಳ್ತೇನೆ. ಮನಸ್ಸಿಟ್ಟು ಕೇಳಿದ್ರೆ ನಿದ್ದೆ ಬರುದಿಲ್ಲ. ಕೇಳದೆ ಕೂತ್ರೆ ಬರ್ತದೆ" ಎಂದರು. ಒಂದೇ ಪ್ರಸಂಗವನ್ನು ಎಷ್ಟೋ ತಿರುಗಾಟಗಳಲ್ಲಿ ಕೇಳಿದ ಮನುಷ್ಯ, ಇವತ್ತಿನ ಕೌರವ ನಿನ್ನೆ ಹೇಳದ ಯಾವ ಮಾತು ಹೇಳುತ್ತಾನೆ ಎಂದು ಕಾದು ಕೂರುತ್ತಾರೆ. ಇಂಥ ಕೇಳುಗ ಸಭೆಯಲ್ಲಿಯೂ ಸಿಗಲಾರ. ಆಟದ ಮರುದಿನ ಭಾವ ಅಂಗಳದಲ್ಲಿ ನಿಂತು ಒಂದೊಂದು ಮಾತನ್ನು ನೆನಪಿಸಿ ಹೇಳುವಾಗ, ನಾವು ಮುಂದಿನ ಕುರ್ಚಿಯಲ್ಲಿ ಕೂತು ನೋಡಿದ ಆಟಕ್ಕಿಂತ ದೊಡ್ಡ ಆಟವೊಂದು ಹಿಂದಿನ ಮಂಚದಲ್ಲಿ ಕೂತವರಿಗೆ ಕಂಡಿರುತ್ತದೆ ಎಂದು ನನಗೆ ಖಾತ್ರಿಯಾಗುತ್ತದೆ.

ದೇವಿಮಹಾತ್ಮೆಯಾದರೆ ಅರ್ಥಕ್ಕಿಂತ ಅಬ್ಬರವೇ ಹೆಚ್ಚು. ನಡುರಾತ್ರಿ ದಾಟಿದ ಮೇಲೆ ಮಹಿಷಾಸುರ ಜನರ ನಡುವಿನಿಂದಲೇ ದೊಂದಿ ಬೀಸಿಕೊಂಡು ಬರುವಾಗ ಎರಡು ಮೂರು ಚೆಂಡೆ ಒಟ್ಟಿಗೆ ಮೊಳಗುತ್ತವೆ. ತೆಂಕಿನ ಚೆಂಡೆಯನ್ನು ಹೆಗಲಿಗೆ ಹಾಕಿಕೊಂಡು ನಿಂತೇ ಬಾರಿಸುವುದು. ಮಹಿಷಾಸುರ ರಂಗಸ್ಥಳ ಮುಟ್ಟುವ ತನಕ ಆ ಕೈ ನಿಲ್ಲುವಂತಿಲ್ಲ. ಅಂಥ ಆಟದ ಮರುದಿನ ಅಕ್ಕ ಕೊಬ್ಬರಿ ಎಣ್ಣೆ ಬಿಸಿಮಾಡಿ ಭಾವನವರ ಹೆಗಲಿಗೆ, ಮಣಿಕಟ್ಟಿಗೆ ತಿಕ್ಕುವುದನ್ನು ನೋಡಿದ್ದೇನೆ.

ಹೆಂಗಸಾದ ನನಗೆ ಇನ್ನೊಂದು ಯೋಚನೆ ಯಾವಾಗಲೂ ಬರುತ್ತದೆ. ಗಂಡಸರಿಗೆ ಚಾವಡಿಯೋ ಶಾಲೆಯೋ ಸಾಕು, ಎಲ್ಲಿ ಬೇಕಾದರೂ ಬೈರಾಸು ಹಾಸಿ ಅಡ್ಡಾದಾರು. ಲೀಲಾವತಿ ಬೈಪಾಡಿತ್ತಾಯರು (1947–2024) ಏನು ಮಾಡಿರಬಹುದು? ತೆಂಕುತಿಟ್ಟಿನಲ್ಲಿ ವೃತ್ತಿಪರ ಮೇಳದ ತಿರುಗಾಟ ಮಾಡಿದ ಮೊದಲ ಮಹಿಳಾ ಭಾಗವತರು ಅವರು. ಚೆಂಡೆ-ಮದ್ದಳೆಯ ಹರಿನಾರಾಯಣ ಬೈಪಾಡಿತ್ತಾಯರನ್ನು ಮದುವೆಯಾಗಿ, ಅವರಿಂದಲೇ ಭಾಗವತಿಕೆ ಕಲಿತು, ಗಂಡನ ಮದ್ದಳೆಯ ಪಕ್ಕದಲ್ಲೇ ಕೂತು ಹಾಡಿದರು. ಮೇಳದಲ್ಲಿ ಹೆಂಗಸರಿಗೆಂದು ಏನೂ ಇಲ್ಲದ ಕಾಲವದು. ಬಟ್ಟೆ ಬದಲಿಸಲು ಮರೆ, ಸ್ನಾನಕ್ಕೆ ಜಾಗ, ಹಗಲು ಬಾಗಿಲು ಹಾಕಿ ಮಲಗಲು ಒಂದು ಕೋಣೆ: ಇಷ್ಟನ್ನು ಆಯಾ ಊರಿನ ಯಾವುದೋ ಮನೆಯ ಹೆಂಗಸರು ಮಾಡಿಕೊಟ್ಟಿರಲೇಬೇಕು, ಇಲ್ಲದಿದ್ದರೆ ಅಷ್ಟು ವರ್ಷಗಳ ತಿರುಗಾಟ ನಡೆಯುತ್ತಿರಲಿಲ್ಲ. ಈಗ ಹೆಣ್ಣುಮಕ್ಕಳು ಭಾಗವತಿಕೆಗೆ ಕೂರುವುದು ಅಪರೂಪವಲ್ಲ, ಮದ್ದಳೆ ಚೆಂಡೆ ಕಲಿಯುವವರೂ ಇದ್ದಾರೆ. ಅಕ್ಕನ ಮಗಳಿಗೇ ಒಳ್ಳೆಯ ಕೈ ಇದೆ. ಅವಳು ತಿರುಗಾಟಕ್ಕೆ ಹೋಗಬೇಕೆಂದರೆ ಏನು ಹೇಳುತ್ತೀರಿ ಎಂದು ಅಕ್ಕನನ್ನು ಕೇಳಿದೆ. ಬಹಳ ಹೊತ್ತು ಯೋಚಿಸಿ "ಬಾರಿಸ್ಲಿಕ್ಕೆ ಹೆದರಿಕೆ ಇಲ್ಲ, ಅವಳಿಗೆ ಹಗಲು ಮಲಗ್ಲಿಕ್ಕೆ ಯಾರು ಜಾಗ ಕೊಡ್ತಾರೆ ಹೇಳು" ಎಂದರು.

ಈಗ ಕಾಲಮಿತಿ ಬಂದಿದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಧ್ವನಿವರ್ಧಕಕ್ಕೆ ನಿರ್ಬಂಧವಿರುವುದು 2000ದ ನಿಯಮ. ಅದೂ ಒಂದು ಕಾರಣ, ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ ಪ್ರೇಕ್ಷಕರು ಅರ್ಧದಲ್ಲೇ ಎದ್ದು ಹೋಗುವುದು ಇನ್ನೊಂದು ಕಾರಣ. ಸಂಜೆ ಬೇಗ ಶುರುಮಾಡಿ ನಡುರಾತ್ರಿಯ ಹೊತ್ತಿಗೆ ಮುಗಿಸುವ ಆಟಗಳು ಹೆಚ್ಚಾದವು. ಇದರ ಬಗ್ಗೆ ನಮ್ಮ ಕಡೆ ಜಗಳವೇ ಆಗುತ್ತದೆ. ಇಡೀ ರಾತ್ರಿಯ ಆಟ ಹೋದರೆ ಯಕ್ಷಗಾನವೇ ಹೋಯಿತು ಎನ್ನುವವರ ಸಂಕಟ ನನಗೆ ಅರ್ಥವಾಗುತ್ತದೆ. ಬೆಳಗಿನ ಜಾವದ ಭಾಗವತಿಕೆ ಕೇಳಿ ಬೆಳೆದವಳು ನಾನು, ಆ ಹೊತ್ತಿನ ಪದ್ಯಕ್ಕೆ ಇರುವ ಕಳೆ ರಾತ್ರಿ ಹನ್ನೊಂದರ ಪದ್ಯಕ್ಕೆ ಬರುವುದಿಲ್ಲ. ಪ್ರಸಂಗವನ್ನು ಕತ್ತರಿಸಿದಾಗ ಮೊದಲು ಹೋಗುವುದೂ ನಿಧಾನದ ಪದ್ಯಗಳೇ. ಆದರೂ ಭಾವ ಒಂದು ಗಂಟೆಗೆ ಮನೆಗೆ ಬಂದು, ಎಲ್ಲರ ಹಾಗೆ ಕತ್ತಲಲ್ಲಿ ಮಲಗಿ, ಬೆಳಿಗ್ಗೆ ಎಂಟಕ್ಕೆ ಅಂಗಳದಲ್ಲಿ ಹಲ್ಲುಜ್ಜುತ್ತಾ ನಿಂತದ್ದನ್ನು ನೋಡಿದಾಗ ನನ್ನ ಮಾತು ಮುಗಿಯಿತು. ಹರಕೆಯ ಆಟ ಇಡೀ ರಾತ್ರಿ ಆಗಬೇಕೆಂದು ಇಚ್ಛೆಪಡುವವರು ಆಡಿಸಲಿ, ಬೇಡ ಎನ್ನಲು ನಾನು ಯಾರು. ಆಡಿಸುವವರು ಮರುದಿನದ ಹಗಲಿನ ಜವಾಬ್ದಾರಿಯನ್ನೂ ಹೊರಬೇಕು ಎಂದಷ್ಟೇ ನನ್ನ ವಾದ.

ಪತ್ತನಾಜೆ ಕಳೆದರೆ ನಿದ್ದೆ ತಾನಾಗಿ ಸರಿಹೋಗುತ್ತದೆ ಎಂದುಕೊಂಡಿದ್ದೆ. ಅದೂ ಇಲ್ಲ. ಜೂನ್ ತಿಂಗಳ ಮಳೆಯಲ್ಲಿ ಊರೆಲ್ಲ ಹೊದ್ದು ಮಲಗಿರುವಾಗ ಭಾವನವರಿಗೆ ರಾತ್ರಿ ಎರಡಕ್ಕೆ ಎಚ್ಚರವಾಗುತ್ತದಂತೆ. ಎದ್ದು ಜಗಲಿಯಲ್ಲಿ ಕೂರುತ್ತಾರೆ. ಕಂಬದ ಮೇಲೆ ಬೆರಳು ಆಡುತ್ತಿರುತ್ತದೆ. "ಕೇಳಿದ್ರೆ, ಈಗ ಮಹಿಷಾಸುರ ಬರುವ ಹೊತ್ತು ಅಂತಾರೆ" ಎಂದು ಅಕ್ಕ ಹೇಳಿದರು. ಶರೀರ ಹಳೆಯ ಲೆಕ್ಕಕ್ಕೆ ಮರಳುವಷ್ಟರಲ್ಲಿ ಮಳೆಗಾಲದ ತಿರುಗಾಟ ಶುರು. ಚಿಕ್ಕಮೇಳ ಎಂದು ನಾಲ್ಕಾರು ಜನ ಸೇರಿ ಸಂಜೆಯಿಂದ ರಾತ್ರಿಯವರೆಗೆ ಮನೆಮನೆಗೆ ಹೋಗಿ, ಚಾವಡಿಯಲ್ಲಿ ದೀಪವಿಟ್ಟು, ಒಂದೆರಡು ವೇಷ ಕುಣಿಸಿ, ಮನೆಯವರು ಕೊಟ್ಟದ್ದನ್ನು ಪಡೆದು ಬರುತ್ತಾರೆ. ಮದ್ದಳೆಯನ್ನು ಮಳೆಯಿಂದ ಕಾಪಾಡುವುದೇ ಅಲ್ಲಿ ದೊಡ್ಡ ಕೆಲಸ. ಕೊಡೆ ಮೊದಲು ಮದ್ದಳೆಗೆ, ಉಳಿದರೆ ತಲೆಗೆ. ಇನ್ನು ಕೆಲವರು ಬೆಂಗಳೂರಿಗೆ, ಮುಂಬಯಿಗೆ ಹೋಗುತ್ತಾರೆ. ಮುಂಬಯಿಯಲ್ಲಿ ನಮ್ಮ ಕಡೆಯ ಹೊಟೇಲಿನವರು, ಬ್ಯಾಂಕಿನವರು ತಲೆಮಾರುಗಳಿಂದ ಯಕ್ಷಗಾನ ಆಡಿಸುತ್ತಾ ಬಂದಿದ್ದಾರೆ. ಅಲ್ಲಿ ಆಟ ಸಭಾಗೃಹದಲ್ಲಿ, ಮೂರು ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ. ಭಾವ ಒಮ್ಮೆ ಹೋಗಿ ಬಂದು ಆಟದ ಬಗ್ಗೆ ಹೇಳಿದ್ದಕ್ಕಿಂತ ಹೆಚ್ಚು ತಮ್ಮನ್ನು ಉಳಿಸಿಕೊಂಡ ಮನೆಯ ಬಗ್ಗೆ ಹೇಳಿದರು. ಎರಡೇ ಕೋಣೆಯ ಮನೆಯಂತೆ. ಆ ಮನೆಯವರು ಒಂದು ಕೋಣೆಯನ್ನು ಕಲಾವಿದರಿಗೆ ಬಿಟ್ಟುಕೊಟ್ಟು, ಕಿಟಕಿಗೆ ದಪ್ಪ ಬೆಡ್‌ಶೀಟು ಕಟ್ಟಿ, ಮಧ್ಯಾಹ್ನದ ತನಕ ಟಿವಿ ಹಾಕದೆ ಕೂತಿದ್ದರಂತೆ.

ಈ ಸಲ ನಮ್ಮ ಮನೆಯಲ್ಲೇ ಹರಕೆ ಆಟ. ಯಾವತ್ತೋ ನಮ್ಮ ಮಾವನವರು ಹೇಳಿಕೊಂಡ ಹರಕೆ, ಕಾದು ಕಾದು ಈಗ ದಿನ ಸಿಕ್ಕಿದೆ. ಸೇವೆ ಆಟಗಳಿಗೆ ವರ್ಷಗಟ್ಟಲೆ ಮುಂಚೆ ಹೆಸರು ಬರೆಸಬೇಕಲ್ಲ. ವೀಳ್ಯ ಕೊಟ್ಟು ಬಂದ ದಿನವೇ ಮನೆಯಲ್ಲಿ ಊಟಕ್ಕೆ ಎಷ್ಟು ಜನ, ಪಾಯಸ ಎಂಥದ್ದು, ಶಾಮಿಯಾನ ಯಾರದ್ದು ಎಂದೆಲ್ಲ ಮಾತಾಯಿತು. ನಾನು ಮಹಡಿಯ ಎರಡು ಕೋಣೆ ಖಾಲಿ ಮಾಡಿಸುವ ಮಾತೆತ್ತಿದೆ. ಮೇಲೆ ಎರಡು ಫ್ಯಾನು, ಒಂದು ಬಚ್ಚಲು, ಕಿಟಕಿಗೆ ನೀಲಿ ಪರದೆ. ಹಿಮ್ಮೇಳದವರಿಗೆ ಒಂದು ಕೋಣೆ, ವೇಷದ ಹಿರಿಯರಿಗೆ ಒಂದು, ಉಳಿದವರಿಗೆ ಕೆಳಗಿನ ಚಾವಡಿ. ಬೆಳಿಗ್ಗೆ ಬಂದವರಿಗೆ ಗಂಜಿ, ಉಪ್ಪಿನಕಾಯಿ, ಒಂದು ಪಲ್ಯ. ಒಂದು ಗಂಟೆಯ ತನಕ ಮೆಟ್ಟಿಲು ಹತ್ತಿ ಯಾರೂ ಹೋಗಬಾರದು, ನೆಂಟರ ಮಕ್ಕಳಂತೂ ಸರ್ವಥಾ ಹೋಗಬಾರದು. ಅಡಿಗೆ ಭಟ್ಟರಿಗೆ ಗ್ರೈಂಡರನ್ನು ದನದ ಕೊಟ್ಟಿಗೆಯ ಆಚೆ ಇಡಲು ಹೇಳಿದ್ದೇನೆ, ಅವರು ವಯರು ಉದ್ದ ಬೇಕಾಗುತ್ತದೆ ಎಂದರು, ತರಿಸಿಕೊಡುತ್ತೇನೆ ಎಂದೆ.

ಮೈಕಿನ ಹುಡುಗನ ಹತ್ತಿರವೂ ಮಾತಾಡಿದೆ. "ಕಂಬ, ಬಾಕ್ಸು ಎಲ್ಲ ಹಿಂದಿನ ದಿನವೇ ಕಟ್ಟಿಬಿಡು. ಆಟದ ದಿನ ನಾಲ್ಕು ಗಂಟೆಯ ಮುಂಚೆ ಹಲೋ ಅನ್ನಬಾರದು" ಎಂದೆ. ಅವನು "ಬೆಳಿಗ್ಗಿಂದ ಪದ್ಯ ಹಾಕದಿದ್ರೆ ಆಟ ಉಂಟು ಅಂತ ಊರಿಗೆ ಹೇಗೆ ಗೊತ್ತಾಗುದು ಅಕ್ಕ?" ಎಂದು ಕೇಳಿದ. ಸಂಜೆ ಕೇಳಿ ಬಾರಿಸುತ್ತಾರಲ್ಲ, ಅದಕ್ಕೇ ಇರುವುದಲ್ಲವೇ ಅದು ಎಂದೆ. ಹುಡುಗ ಸ್ವಲ್ಪ ಯೋಚಿಸಿ, ನಾಲ್ಕಕ್ಕೇ ಬರುತ್ತೇನೆ, ಆದರೆ ಚಾ ಮಾತ್ರ ಇಟ್ಟಿರಬೇಕು ಎಂದ.